ಊರಿನ ಹೆಸರುಗಳ ಪಾಯಿಂಟರ್ ಅರೇ: ಅನುಭವ ಇದ್ದವರು ಹೇಳಿ

ನಾನು ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ. ಮಂಡ್ಯ, ಹಾಸನ, ಚಿಕ್ಕಮಗಳೂರು ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆದು, ಸಿ ಭಾಷೆಯಲ್ಲಿ ಚಾರ್ ಪಾಯಿಂಟರ್‌ಗಳ ಅರೇಯಲ್ಲಿ (ಸಾಲಾಗಿ ಇಡುವ ಪಟ್ಟಿಯಲ್ಲಿ) ಇಟ್ಟಿದ್ದೇನೆ. ಮೊದಲ ಅಕ್ಷರ ದೊಡ್ಡದು ಮಾಡಬೇಕು. ಲ್ಯಾಬಿನಲ್ಲಿ ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂನ ಟರ್ಬೊ ಸಿ ಕಂಪೈಲರಿನಲ್ಲಿ (ಕೋಡನ್ನು ಪ್ರೋಗ್ರಾಂ ಮಾಡುವ ತಂತ್ರಾಂಶ) ಸರಿಯಾಗಿ ಬಂತು. ಮನೆಯ ಉಬುಂಟು ಲಿನಕ್ಸಿನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಎಂದು ಪ್ರೋಗ್ರಾಂ ನಿಂತುಹೋಯಿತು. ಯಾಕೆ?

ಉತ್ತರ 1: ನನಗೂ ಇದೇ ಆಗಿತ್ತು. ಎರಡು ದಿನ ಸುಮ್ನೆ ಲೂಪಿನಲ್ಲೇ ತಪ್ಪು ಹುಡುಕಿದೆ. ಲೂಪ್ ಸರಿಯಾಗೇ ಇತ್ತು. ನಿಮ್ಮ ಅರೇಯಲ್ಲಿ ಅಕ್ಷರಗಳು ಇಲ್ಲವೇ ಇಲ್ಲ, ಅವು ಇರುವ ಜಾಗದ ವಿಳಾಸಗಳಷ್ಟೇ ಇವೆ. ಕೋಟ್ ಒಳಗೆ ಬರೆದ ಹೆಸರನ್ನು ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಸಾಮಾನ್ಯವಾಗಿ ಓದಲು ಮಾತ್ರ ಬಿಡುವ ಜಾಗದಲ್ಲಿ ಇಡುತ್ತದೆ. ಅಲ್ಲಿ ಬರೆಯಲು ಹೋದರೆ ಪ್ರೋಗ್ರಾಂ ನಿಲ್ಲುತ್ತದೆ. ಡಾಸ್‌ನಲ್ಲಿ ಆ ಕಾವಲು ಇರಲಿಲ್ಲ, ಅದಕ್ಕೇ ಲ್ಯಾಬಿನಲ್ಲಿ ನಡೆಯಿತು. ಸಿ ಭಾಷೆಯ ನಿಯಮದಲ್ಲಿ ಎರಡೂ ಕಡೆ ಅದು ತಪ್ಪೇ.

ಹೆಸರುಗಳ ಕ್ರಮ ಮಾತ್ರ ಧೈರ್ಯವಾಗಿ ಬದಲಿಸಿ. ಆಗ ವಿಳಾಸಗಳಷ್ಟೇ ಅದಲುಬದಲಾಗುತ್ತವೆ, ಅಕ್ಷರ ಇದ್ದಲ್ಲೇ ಇರುತ್ತದೆ. ಸಾರ್ಟಿಂಗ್‌ಗೆ ನನಗೆ ಇದೇ ಇಷ್ಟ. ಅಕ್ಷರವನ್ನೇ ತಿದ್ದಬೇಕು ಅಂದರೆ ಎರಡು ಆಯಾಮದ ಚಾರ್ ಅರೇ ಬೇಕು. ಚಿಕ್ಕಮಗಳೂರಿಗೆ ಇಂಗ್ಲಿಷಿನಲ್ಲಿ 14 ಅಕ್ಷರ, ಹೆಸರು ಮುಗಿಯಿತು ಎಂದು ಸೂಚಿಸುವ ಕೊನೆಯ ಸೊನ್ನೆಗೆ ಇನ್ನೊಂದು, ಒಟ್ಟು 15 ಬೈಟ್. ಮಂಡ್ಯಕ್ಕೆ 7 ಸಾಕು, ಆದರೂ ಎಲ್ಲ ಸಾಲಿಗೂ ಒಂದೇ ಅಗಲ ಇರುವುದರಿಂದ 15 ಕೊಡಲೇಬೇಕು. ತಿದ್ದುವುದಿಲ್ಲವಾದರೆ ಪಾಯಿಂಟರ್ ಅರೇ ಇರಲಿ, ಅದರ ಮುಂದೆ ಕಾನ್ಸ್ಟ್ (ಬದಲಿಸಬಾರದು ಎಂಬ ಗುರುತು) ಹಾಕಿ. ಕೈತಪ್ಪಿ ಬರೆದರೆ ಕಂಪೈಲರ್ರೇ ತಡೆಯುತ್ತದೆ.

ಉತ್ತರ 2: ಕಾಮಾ ಮರೆಯಬೇಡಿ. ಎರಡು ಹೆಸರುಗಳ ನಡುವೆ ಕಾಮಾ ಬಿಟ್ಟರೆ ಸಿ ಅವೆರಡನ್ನೂ ಸೇರಿಸಿ ಒಂದೇ ಸ್ಟ್ರಿಂಗ್ ಮಾಡುತ್ತದೆ. ಎರರ್ ಬರುವುದಿಲ್ಲ, ಅರೇಯಲ್ಲಿ ಒಂದು ಊರು ಕಡಿಮೆಯಾಗುತ್ತದೆ ಅಷ್ಟೇ. ನಾನು ಈಗ ಒಂದು ಸಾಲಿಗೆ ಒಂದೇ ಹೆಸರು ಬರೆಯುತ್ತೇನೆ.

ಉತ್ತರ 3: ಮುಂದೆ ಕನ್ನಡದಲ್ಲೇ ಹೆಸರು ಬರೆಯುವ ಆಸೆ ಇದ್ದರೆ ಇದನ್ನೂ ಓದಿ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಒತ್ತಕ್ಷರ ಮಾಡುವ ವಿರಾಮ (್) ಚಿಹ್ನೆಯೂ ಲೆಕ್ಕಕ್ಕೆ ಬರುತ್ತದೆ. 'ಮಂಡ್ಯ' ಅಂದರೆ ಮ, ಅನುಸ್ವಾರ, ಡ, ವಿರಾಮ, ಯ. ಐದು ಚಿಹ್ನೆ, ಸರಿಯಾಗಿ 15 ಬೈಟ್! ನನ್ನ ಅರೇಯ ಅಗಲವೂ 15 ಇತ್ತು. ಹಾಗೆ ತುಂಬಿಕೊಂಡಾಗ ಕೊನೆಯ ಸೊನ್ನೆಯನ್ನು ಬಿಟ್ಟುಬಿಡಲು ಸಿ ಒಪ್ಪುತ್ತದೆ. ಪ್ರಿಂಟ್ ಮಾಡಿದರೆ ಸೊನ್ನೆ ಸಿಗದೆ ಮುಂದಿನ ಸಾಲಿಗೂ ಹೋಗಿ 'ಮಂಡ್ಯಹಾಸನ' ಅಂತ ಬಂತು. ಚಿಕ್ಕಮಗಳೂರಿಗೆ ಕನ್ನಡದಲ್ಲಿ 33 ಬೈಟ್ ಬೇಕು, ಅದಕ್ಕೆ ಕಂಪೈಲರ್ ಎಚ್ಚರಿಸಿತ್ತು. ಮಂಡ್ಯಕ್ಕೆ ಏನೂ ಹೇಳಿರಲಿಲ್ಲ. ಅಗಲ 34 ಮಾಡಿದ ಮೇಲೆ ಮೂರು ಊರೂ ಬೇರೆ ಬೇರೆಯಾಗಿ ಬಂದವು.