ಮಾಸ್ಟರ್ಸ್ ಈಜಿಗೆ ಟೆಕ್ ಸೂಟ್ ಬೇಕಾ? ಹಾಕಿದವರು, ಹಾಕದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 47. ಈಜು ಕಲಿತದ್ದೇ ಮಕ್ಕಳು ದೊಡ್ಡವರಾದ ಮೇಲೆ. ಈಗ ಮೊದಲ ಸಲ ಮಾಸ್ಟರ್ಸ್ (ವಯಸ್ಕರ) ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ, 50 ಮತ್ತು 100 ಮೀಟರ್ ಫ್ರೀಸ್ಟೈಲ್. ಜೊತೆಗೆ ಈಜುವ ಕೆಲವರು ಟೆಕ್ ಸೂಟ್ (ನೀರಿನ ತಡೆ ಕಡಿಮೆ ಮಾಡಲು ಸ್ಪರ್ಧೆಗೆಂದೇ ಮಾಡಿದ ಬಿಗಿ ಈಜುಡುಗೆ) ಇಲ್ಲದೆ ಬ್ಲಾಕ್ (ಡೈವ್ ಹೊಡೆಯುವ ಕಟ್ಟೆ) ಹತ್ತಲೇಬೇಡ ಅಂತಾರೆ. ಇನ್ನು ಕೆಲವರು, ಈ ವಯಸ್ಸಿಗೆ ಅದೆಲ್ಲ ಯಾಕೆ, ದುಡ್ಡು ಕೊಟ್ಟು ಸೆಕೆಂಡ್ ಕೊಳ್ಳೋದಾ ಅಂತ ಮೂಗು ಮುರಿಯುತ್ತಾರೆ. ನಿಯಮ ಏನು ಹೇಳುತ್ತದೆ? ನಿಜಕ್ಕೂ ಉಪಯೋಗ ಇದೆಯಾ? ಹಾಕಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೇ ಫ್ರೀಸ್ಟೈಲ್ ಈಜುಗಾರ

ನಿಯಮದ ಮಾತು ಮೊದಲು ಮುಗಿಸಿಬಿಡೋಣ ಮೇಡಂ. ಈಜಿನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್ ಒಪ್ಪಿದ ಸೂಟ್ ಆಗಿದ್ದರೆ ಯಾರೂ ಬೇಡ ಅನ್ನುವುದಿಲ್ಲ. ಹೆಂಗಸರಿಗೆ ಭುಜದಿಂದ ಮೊಣಕಾಲಿನವರೆಗೆ, ಗಂಡಸರಿಗೆ ಸೊಂಟದಿಂದ ಮೊಣಕಾಲಿನವರೆಗೆ. ಬಟ್ಟೆಯಿಂದಲೇ ಮಾಡಿರಬೇಕು, ಜಿಪ್ ಇರಬಾರದು, 0.8 ಮಿಲಿಮೀಟರ್‌ಗಿಂತ ದಪ್ಪ ಇರಬಾರದು. ಒಂದರ ಮೇಲೊಂದು ಎರಡು ಹಾಕುವಂತಿಲ್ಲ. ಒಪ್ಪಿಗೆಯ ಗುರುತು ಸೂಟ್ ಮೇಲೇ ಅಚ್ಚಾಗಿರುತ್ತದೆ, ಕೊಳ್ಳುವಾಗ ಅದನ್ನು ನೋಡಿ. ನೀವು ಹೋಗುವ ಸ್ಪರ್ಧೆಯ ನಿಯಮಗಳನ್ನೂ ಒಮ್ಮೆ ಓದಿಕೊಳ್ಳಿ.

ಮೂಗು ಮುರಿಯುವವರ ತಲೆಯಲ್ಲಿ ಇರುವುದು ಇವತ್ತಿನ ಸೂಟ್ ಅಲ್ಲ, 2008-09ರದ್ದು. 2008ರ ಫೆಬ್ರುವರಿಯಲ್ಲಿ ಸ್ಪೀಡೋ ಕಂಪನಿಯ ಎಲ್‌ಝಡ್‌ಆರ್ ರೇಸರ್ ಬಂತು. ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಪಟ್ಟಿಗಳು, ದಾರವಿಲ್ಲದೆ ಬೆಸೆದ ಅಂಚುಗಳು. ಅದರ ಬಟ್ಟೆಗಳನ್ನು ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷಿಸಿದ್ದರು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ದಾಖಲೆಗಳು ಉದುರಿದವು. ಮರುವರ್ಷ ಬೇರೆ ಕಂಪನಿಗಳು ಪೂರ್ತಿ ಪಾಲಿಯುರೆಥೇನ್ ಸೂಟ್‌ಗಳನ್ನೇ ತಂದವು. ರೋಮ್‌ನ ವಿಶ್ವ ಚಾಂಪಿಯನ್‌ಶಿಪ್ ಒಂದರಲ್ಲೇ 43 ವಿಶ್ವದಾಖಲೆ! ಅಲ್ಲಿ ಜರ್ಮನಿಯ ಪೌಲ್ ಬೀಡರ್‌ಮನ್ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ ಅವರನ್ನೇ ಸೋಲಿಸಿದರು, 1:42.00. ಆ ಸೂಟ್‌ಗಳು ಮೈಯನ್ನು ನೀರಿನ ಮೇಲೆ ತೇಲಿಸುತ್ತಿದ್ದವು, ಜಗಳ ಇದ್ದದ್ದೇ ಅಲ್ಲಿ. 2010ರ ಜನವರಿ 1ರಿಂದ ಎಲ್ಲ ಬಂದ್. ಆದರೆ ದಾಖಲೆಗಳನ್ನು ಯಾರೂ ಅಳಿಸಲಿಲ್ಲ. ಅದೇ ಕೂಟದಲ್ಲಿ ಬೀಡರ್‌ಮನ್ ಬರೆದ 400 ಮೀಟರ್ ದಾಖಲೆ (3:40.07) ಬಿದ್ದದ್ದು 2025ರಲ್ಲಿ. ತಮಾಷೆ ಏನಂದರೆ, ಬೀಡರ್‌ಮನ್ ಸೆಕೆಂಡಿನ ನೂರನೇ ಒಂದು ಭಾಗದಿಂದ ಮುರಿದದ್ದು ಆಸ್ಟ್ರೇಲಿಯಾದ ಇಯಾನ್ ಥೋರ್ಪ್ ಅವರ ದಾಖಲೆಯನ್ನು. ಥೋರ್ಪ್ ಕೂಡ ತಮ್ಮ ಕಾಲದಲ್ಲಿ ಮೈತುಂಬ ಕಪ್ಪು ಸೂಟ್ ಹಾಕುತ್ತಿದ್ದವರೇ!

ಈಗ ಅಂಗಡಿಯಲ್ಲಿ ಸಿಗುವುದು ಆ ಸೂಟ್ ಅಲ್ಲ. ಅದರ ಪಾಪವನ್ನು ಇದರ ತಲೆಗೆ ಕಟ್ಟಬೇಡಿ.

ಕೋಚ್ (ವಯಸ್ಕರಿಗೆ ಕಲಿಸುತ್ತೇನೆ)

ಸರ್ ಇತಿಹಾಸ ಹೇಳಿದ್ದಾರೆ. ನಾನು ನೀರಿನೊಳಗಿನ ಮಾತು ಹೇಳುತ್ತೇನೆ.

ನೀರಿನ ಎಳೆತ (ಮುಂದೆ ಹೋಗುವವರನ್ನು ನೀರು ತಡೆಯುವ ಬಲ) ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ಸುಮಾರು ನಾಲ್ಕು ಪಟ್ಟು. ಅಂದರೆ ವೇಗವಾಗಿ ಹೋಗುವವರಿಗೆ ಸೂಟ್‌ನ ಲಾಭ ಜಾಸ್ತಿ, ನಿಧಾನದವರಿಗೆ ಕಡಿಮೆ. ನೀವು ಅತಿ ವೇಗವಾಗಿ ಇರುವುದು ಯಾವಾಗ? ಡೈವ್ ಹೊಡೆದು ನೀರು ಸೇರಿದ ಕ್ಷಣ, ಗೋಡೆ ಒದ್ದ ಕ್ಷಣ. ಆ ಹೊತ್ತಿನಲ್ಲಿ ಕೈ ಜೋಡಿಸಿ, ತಲೆ ತೋಳುಗಳ ನಡುವೆ ಇಟ್ಟು, ಮೈ ಕಡ್ಡಿಯ ಹಾಗೆ ನೇರ ಮಾಡಿದರೆ ಸೂಟ್ ಕೆಲಸ ಮಾಡುತ್ತದೆ. ಗೋಡೆ ಒದ್ದ ತಕ್ಷಣ ತಲೆ ಎತ್ತಿ ಮುಂದೆ ನೋಡಿದಿರೋ, ಸೂಟ್ ಕೊಟ್ಟದ್ದನ್ನೆಲ್ಲ ಕುತ್ತಿಗೆ ಕಳೆಯಿತು.

ಇನ್ನೊಂದು ಲಾಭ ಬಿಗಿ. ವಯಸ್ಸಾದಂತೆ ಹೊಟ್ಟೆ, ತೊಡೆ ಸಡಿಲವಾಗುತ್ತವೆ, ಈಜುವಾಗ ಅಲುಗುತ್ತವೆ. ಬಿಗಿ ಸೂಟ್ ಅದನ್ನು ಹಿಡಿದಿಡುತ್ತದೆ. ಸೊಂಟ ಮೇಲೆ ಇದೆ ಅನ್ನಿಸುತ್ತದೆ ಅಂತ ನನ್ನ ಹತ್ತಿರ ಬರುವ ಎಷ್ಟೋ ಜನ ಹೇಳುತ್ತಾರೆ. ಹಾಗಂತ ಕಾಲು ಮುಳುಗಿಸಿಕೊಂಡು ಈಜುವವರನ್ನು ಅದು ಮೇಲೆತ್ತುವುದಿಲ್ಲ. ಈಗಿನ ನಿಯಮದಲ್ಲಿ ಸೂಟ್ ಕೊಡಬಹುದಾದ ತೇಲುವಿಕೆ ಹೆಚ್ಚೆಂದರೆ 0.5 ನ್ಯೂಟನ್, ಅಂದರೆ ಸುಮಾರು 50 ಗ್ರಾಂ ಎತ್ತಿದಷ್ಟು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಸೂಟ್ ಮೇಲೆ ದೂರಬಾರದು, ಅಷ್ಟೇ.

ನನ್ನ ಸಲಹೆ: ಮೊದಲ ಸ್ಪರ್ಧೆಗೆ ಬೇಡ. ಅವತ್ತು ನಿಮಗೆ ವಿಸಲ್, ಬ್ಲಾಕ್, ಪಕ್ಕದ ಲೇನ್‌ನವರ ಅಲೆ, ಇಷ್ಟೇ ಸಾಕಾಗಿ ಹೋಗುತ್ತದೆ. ತೊಡೆ ಮುಚ್ಚದ, ಮೈಗೆ ಸರಿಯಾಗಿ ಕೂರುವ ಮಾಮೂಲಿ ರೇಸಿಂಗ್ ಸೂಟ್ ಹಾಕಿ. ಒಂದು ಟೈಮಿಂಗ್ ಕೈಗೆ ಬರಲಿ.

ಬಟರ್‌ಫ್ಲೈ ಅಕ್ಕ

ಕೋಚ್ ಹೇಳಿದ್ದು ಸರಿ. ಆದರೂ ಆಸೆ ಇದ್ದರೆ ತಗೊಳ್ಳಿ ತಂಗಿ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಆದರೆ ಹಾಕುವುದನ್ನು ಮಾತ್ರ ಮನೆಯಲ್ಲೇ ಕಲಿತು ಬನ್ನಿ. ಸ್ಪರ್ಧೆಯ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನಡೆಯುವ ಕುಸ್ತಿ ನೋಡಬೇಕು ನೀವು.

ಮೈ ಪೂರ್ತಿ ಒಣಗಿರಬೇಕು. ಬೆವರಿದ್ದರೆ ಮಂಡಿ ದಾಟಿ ಮೇಲೆ ಬರುವುದಿಲ್ಲ. ವಾರ್ಮ್‌ಅಪ್‌ಗೆ ಬೇರೆ ಸೂಟ್ ಹಾಕಿ, ಮೈ ಒರೆಸಿಕೊಂಡು ಸ್ವಲ್ಪ ಕೂತು ತಣ್ಣಗಾಗಿ. ಆಮೇಲೆ ಪಾದಕ್ಕೆ ತೆಳು ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಂಡು ಕಾಲು ತೂರಿಸಿ, ಹಿಮ್ಮಡಿ ಸಲೀಸಾಗಿ ಜಾರುತ್ತದೆ. ಉಗುರು ಕತ್ತರಿಸಿರಿ. ಉಂಗುರ ಬಿಚ್ಚಿಡಿ. ಅಂಚು ಹಿಡಿದು ಎಳೆಯಲೇಬೇಡಿ, ಬೆಸುಗೆ ಬಿಟ್ಟುಕೊಳ್ಳುತ್ತದೆ. ಬೆರಳಿನ ಮೆತ್ತನೆ ಭಾಗದಿಂದ ಬಟ್ಟೆಯನ್ನು ಚೂರು ಚೂರೇ ಚಿವುಟಿ ಮೇಲಕ್ಕೆ ಸರಿಸಬೇಕು. ಒಂದು ತೊಡೆ ಸ್ವಲ್ಪ, ಇನ್ನೊಂದು ಸ್ವಲ್ಪ. ತೊಡೆಸಂದಿಗೆ ಸರಿಯಾಗಿ ಕೂತ ಮೇಲೆ ಸೊಂಟ. ಅಲ್ಲಿ ಅವಸರ ಮಾಡಿದರೆ ಭುಜದ ಪಟ್ಟಿ ಹೆಗಲು ಮುಟ್ಟುವುದೇ ಇಲ್ಲ. ಮೊದಲ ಸಲ ಇಪ್ಪತ್ತು ನಿಮಿಷ ಹೋದರೂ ಆಶ್ಚರ್ಯ ಇಲ್ಲ. ಕೊನೆಗೆ ಪಟ್ಟಿ ಏರಿಸಲು ಒಬ್ಬರ ಸಹಾಯ ಬೇಕೇ ಬೇಕು. ಪಕ್ಕದಲ್ಲಿ ಗುರುತು ಪರಿಚಯ ಇಲ್ಲದವರು ಇದ್ದರೂ ನಾಚಿಕೆ ಬಿಟ್ಟು ಕೇಳಿ, ಎಲ್ಲರೂ ಮಾಡಿಕೊಡುತ್ತಾರೆ.

ಭುಜ ನೋವು ಇರುವವರು, ಉಸಿರಿನ ತೊಂದರೆ ಇರುವವರು ಎರಡು ಸಲ ಯೋಚಿಸಿ. ಪಕ್ಕೆಯನ್ನೇ ಒತ್ತಿ ಹಿಡಿಯುವಷ್ಟು ಬಿಗಿ ಆದರೆ ಉಸಿರು ಮೇಲೆ ಮೇಲೆ ಆಗುತ್ತದೆ. 50 ಮೀಟರ್ ಹೇಗೋ ನಡೆದುಹೋಗುತ್ತದೆ, 100ರ ಕೊನೇ ಕಾಲು ಭಾಗದಲ್ಲಿ ಗೊತ್ತಾಗುತ್ತದೆ ಅದರ ರುಚಿ. ಚಿಕ್ಕ ಸೈಜ್ ತಗೊಂಡರೆ ಜಾಸ್ತಿ ವೇಗ ಅನ್ನುವ ಮಾತು ನಂಬಬೇಡಿ.

ಮೀಟ್‌ಗಳಲ್ಲಿ ಸ್ಟಾಪ್‌ವಾಚ್ ಹಿಡಿಯುವವಳು

ನನ್ನದು ಬೇರೆ ಅಭಿಪ್ರಾಯ. ಬೈಯ್ಯಬೇಡಿ. ದೊಡ್ಡ ಚಾಂಪಿಯನ್‌ಶಿಪ್‌ಗೆ ಹಾಕಲಿ, ಸರಿ. ಸಣ್ಣ ಕ್ಲಬ್ ಮಟ್ಟದ ಕೂಟಗಳಿಗೆ ಯಾಕೆ? ಅರವತ್ತು ದಾಟಿದವರು ಮೊದಲ ಸಲ ಬಂದು, ಪಕ್ಕದಲ್ಲಿ ನಿಂತವರ ಸೂಟ್ ನೋಡಿಯೇ ಅರ್ಧ ಕುಗ್ಗಿಹೋಗುವುದನ್ನು ಲೇನ್ ತುದಿಯಲ್ಲಿ ನಿಂತು ನೋಡುತ್ತೇನೆ. ಆ ಸೂಟ್ ಶಾಶ್ವತವೂ ಅಲ್ಲ. ಕೆಲವು ರೇಸ್ ಆಗುತ್ತಿದ್ದಂತೆ ನೀರು ಹಿಡಿಯಲು ಶುರು ಮಾಡುತ್ತದೆ, ಬಿಗಿ ಹೋಗುತ್ತದೆ. ಮತ್ತೆ ಹೊಸದು. ದುಡ್ಡಿದ್ದವರಿಗೆ ಪರವಾಗಿಲ್ಲ, ಇಲ್ಲದವರು ಸುಮ್ನೆ ಮನೆಯಲ್ಲಿ ಕೂರಬೇಕಾ?

ಹಳೇ ಫ್ರೀಸ್ಟೈಲ್ ಈಜುಗಾರ

ಮೇಡಂ, ದುಡ್ಡಿನ ಮಾತು ಒಪ್ಪುತ್ತೇನೆ. ನಿಷೇಧ ಮಾತ್ರ ಒಪ್ಪುವುದಿಲ್ಲ. ಮಾಸ್ಟರ್ಸ್‌ನಲ್ಲಿ ಹೀಟ್ (ಒಟ್ಟಿಗೆ ಈಜುವವರ ಗುಂಪು) ಹಾಕುವುದು ಹೆಚ್ಚಾಗಿ ಟೈಮಿಂಗ್ ನೋಡಿ, ಫಲಿತಾಂಶ ಕೊಡುವುದು ಐದೈದು ವರ್ಷದ ವಯೋಗುಂಪಿನಲ್ಲಿ. ಪಕ್ಕದ ಲೇನ್‌ನಲ್ಲಿ ಮಿಂಚುವ ಸೂಟ್ ಹಾಕಿದವನು ನನ್ನ ಗುಂಪಿನವನೇ ಆಗಿರಬೇಕೆಂದಿಲ್ಲ. ನಮ್ಮಲ್ಲಿ ಬಹುಪಾಲು ಜನ ಓಡುವುದು ನಮ್ಮದೇ ಹಳೇ ಟೈಮಿಂಗ್ ಹಿಂದೆ ಅಲ್ವಾ? ನಾನು ಪುಸ್ತಕದಲ್ಲಿ ಟೈಮಿಂಗ್ ಪಕ್ಕ ಯಾವ ಸೂಟ್ ಅಂತಲೂ ಬರೆಯುತ್ತೇನೆ. ಜಾಮರ್ (ಸೊಂಟದಿಂದ ಮೊಣಕಾಲಿನವರೆಗಿನ ಬಿಗಿ ಸೂಟ್) ಹಾಕಿ ಈಜಿದ್ದನ್ನು ಮಾಮೂಲಿ ಚಡ್ಡಿಯಲ್ಲಿ ಈಜಿದ್ದರ ಜೊತೆ ಹೋಲಿಸುವುದಿಲ್ಲ.

ಈಜುವ ಮಗಳಿರುವ ಅಮ್ಮ

ಒಂದೇ ಮಾತು ಸೇರಿಸುತ್ತೇನೆ. ದೊಡ್ಡವರು ಏನಾದರೂ ಮಾಡಿಕೊಳ್ಳಲಿ, ಬೆಳೆಯುವ ಮಕ್ಕಳಿಗೆ ಇದನ್ನು ಕೊಡಿಸಬೇಡಿ. ಅಮೆರಿಕದ ಈಜು ಸಂಸ್ಥೆ 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಬಹುಪಾಲು ಕೂಟಗಳಲ್ಲಿ ಟೆಕ್ ಸೂಟ್ ನಿಲ್ಲಿಸಿದೆ. ಸರಿಯಾದ ಕೆಲಸ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದ. ಮೊದಲ ಸ್ಪರ್ಧೆ ಮಾಮೂಲಿ ಸೂಟ್‌ನಲ್ಲೇ. ಮುಂದಿನದಕ್ಕೆ ಕೊಂಡರೂ ಕೊಂಡೆ, ಆಸೆ ಹೋಗಿಲ್ಲ! ಅಕ್ಕ, ಒಂದು ಕೇಳುವುದಿದೆ. 50 ಆಗಿ 100ಕ್ಕೆ ತುಂಬ ಹೊತ್ತು ಇದ್ದರೆ ಬಿಚ್ಚಬೇಕಾ? ಆಮೇಲೆ ಒಗೆಯುವುದು ಹೇಗೆ?

ಬಟರ್‌ಫ್ಲೈ ಅಕ್ಕ

ಅರ್ಧ ಗಂಟೆ ಆದರೆ ಭುಜದ ಪಟ್ಟಿ ಇಳಿಸಿ, ಮೇಲೆ ಟವಲ್ ಹೊದ್ದು ಕೂತಿರಿ. ಅದಕ್ಕಿಂತ ಜಾಸ್ತಿ ಇದ್ದರೆ ಬಿಚ್ಚುವುದೇ ವಾಸಿ. ಆದರೆ ಒದ್ದೆ ಸೂಟ್ ಮತ್ತೆ ಏರಿಸುವುದು ಮಹಾ ಕಷ್ಟ, ಅದಕ್ಕೆ ಬೇಗ ಶುರು ಮಾಡಿ. ಸೂಟ್ ಹಾಕುವ ಮೊದಲೇ ಟಾಯ್ಲೆಟ್‌ಗೆ ಹೋಗಿ ಬನ್ನಿ, ಇದನ್ನು ಯಾರೂ ಹೇಳುವುದಿಲ್ಲ. ಒಗೆಯಲು ತಣ್ಣೀರು ಮಾತ್ರ. ಸೋಪು ಬೇಡ, ಹಿಂಡಬೇಡಿ, ವಾಷಿಂಗ್ ಮೆಷಿನ್‌ಗಂತೂ ಹಾಕಲೇಬೇಡಿ. ಟವಲ್ ಮೇಲೆ ಹಾಸಿ ನೆರಳಲ್ಲಿ ಒಣಗಿಸಿ. ದಿನದ ಅಭ್ಯಾಸಕ್ಕೆ ಹಾಕಿಕೊಂಡು ಹೋಗಬೇಡಿ, ಕ್ಲೋರಿನ್ ತಿಂದುಹಾಕುತ್ತದೆ. ಹಳೇದಾದ ಮೇಲೆ ಎಸೆಯಬೇಡಿ, ಡೈವ್ ಅಭ್ಯಾಸದ ದಿನಕ್ಕೆ ಆಗುತ್ತದೆ.