ಮಾವನ ಹಠ, ಮಗುವಿನ ಹಠ: ಓದುಗರ ಸ್ಪಂದನ

ದಾವಣಗೆರೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ಹೇಳಿಕೊಂಡಿದ್ದರು. ಮನೆಯಲ್ಲಿ ಎರಡೂವರೆ ವರ್ಷದ ಮಗಳು, 74 ವರ್ಷದ ಮಾವ. ಅತ್ತೆ ತೀರಿಕೊಂಡ ಮೇಲೆ ಮಾವನವರು ತಟ್ಟೆ ದೂಡುತ್ತಾರೆ, ಸ್ನಾನ ಬೇಡವೆನ್ನುತ್ತಾರೆ, ಕೇಳಿದ್ದು ಆ ಕ್ಷಣಕ್ಕೆ ಸಿಗದಿದ್ದರೆ ಕೂಗಾಡುತ್ತಾರೆ. ನೋಡಿ ನೋಡಿ ಮಗಳೂ ತಟ್ಟೆ ದೂಡುವುದು ಕಲಿತಿದ್ದಾಳೆ. ‘ಇಬ್ಬರೂ ಮಕ್ಕಳೇ, ನೀನೇ ಸುಧಾರಿಸಿಕೊಂಡು ಹೋಗು’ ಎನ್ನುತ್ತಾರೆ ಗಂಡ. ಮಗುವಿಗೆ ಮಾಡುವ ಉಪಾಯಗಳನ್ನೇ ಮಾವನವರಿಗೂ ಮಾಡಬಹುದೇ, ಅದು ಅಗೌರವವಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಶಿಕ್ಷಕರು, ಧಾರವಾಡ

ನಿಮ್ಮ ಮಾವನವರು ಮಗುವಲ್ಲ, ಹೆಂಡತಿಯನ್ನು ಕಳೆದುಕೊಂಡ ಗಂಡಸು. ಅವರ ದುಃಖದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಉಪಾಯ ಹುಡುಕುವುದು ಬಿಟ್ಟು, ಹತ್ತಿರ ಕೂತು ಅತ್ತೆಯವರ ಮಾತು ತೆಗೆಯಿರಿ.

(ಆ ಸಾಲುಗಳು ಮೂಲ ಪತ್ರದಲ್ಲಿದ್ದವು. ಜಾಗಕ್ಕಾಗಿ ಪತ್ರವನ್ನು ಚಿಕ್ಕದು ಮಾಡುವಾಗ ಬಿಟ್ಟುಹೋಗಿವೆ. – ಸಂ.)

ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಮೂರರಿಂದ ಆರು ವರ್ಷದ ಮಕ್ಕಳ ಜೋಡಿ ದಿನಾ ಇರತೀನ್ರಿ. ಕೂಸು ಹಠಾ ಮಾಡೂದು ಹಸಿವಿಗೆ, ನಿದ್ದಿಗೆ, ಇಲ್ಲಾಂದ್ರ ಆಟ ಒಮ್ಮಿಗೇ ನಿಲ್ಲಿಸಿದ್ದಕ್ಕ. ‘ಇನ್ನೊಂದು ಸಲ ಆಡು, ಆಮ್ಯಾಲೆ ಊಟ’ ಅಂತ ಮೊದಲ ಹೇಳಿಟ್ರ ಅರ್ಧಾ ಜಗಳ ತಪ್ಪತೈತಿ. ‘ಊಟಾ ಮಾಡ್ತಿಯೇನು?’ ಅಂದ್ರ ‘ಒಲ್ಲೆ’ ಅಂತಾವು. ‘ಅನ್ನಾ ಮೊದಲೋ, ತತ್ತಿ ಮೊದಲೋ?’ ಅಂತ ಕೇಳ್ರಿ, ತಾವ ಆರಿಸ್ಕೊಂತಾವು. ನಮ್ಮ ಅತ್ತಿಗೂ ನಾ ಹಂಗ ಮಾಡ್ತೀನ್ರಿ, ಅದರಾಗ ಅಗೌರವ ಏನೈತಿ? ದನಿ ಮಾತ್ರ ಬ್ಯಾರೆ ಇರಲಿ. ಕೂಸಿನ ಜೋಡಿ ಮಾತಾಡೋ ದನಿಯೊಳಗ ಹಿರೇರ ಜೋಡಿ ಮಾತಾಡಿದ್ರ ಅವರಿಗೆ ಗೊತ್ತಾಗತೈತಿ. ಮಗಳು ತಾಟು ದೂಡಿದ್ರ ಬೈಬ್ಯಾಡ್ರಿ, ನಗಬ್ಯಾಡ್ರಿ. ಸುಮ್ಮನ ತಗದು ಬಾಜೂಕ ಇಡ್ರಿ.

ಗೃಹಿಣಿ, ಸಾಗರ

ಆ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಪ್ಪ ಮುದುಕರಾದ ಮೇಲೆ ತಟ್ಟೆ ದೂಡಲು ಶುರು ಮಾಡಿದವರಲ್ಲ. ನನಗೆ ಬುದ್ಧಿ ತಿಳಿದಾಗಿನಿಂದ ದೂಡುತ್ತಿದ್ದರು. ತಂಬುಳಿಗೆ ಉಪ್ಪು ಕಡಿಮೆಯಾದರೆ, ಕಾಫಿ ಆರಿದ್ದರೆ, ಪೇಪರನ್ನು ತಮಗಿಂತ ಮೊದಲು ಯಾರಾದರೂ ಬಿಡಿಸಿದರೆ. ‘ಸಣ್ಣವನಿದ್ದಾಗಿಂದಲೂ ಅವನಿಗೆ ಮೂಗಿನ ತುದಿಯಲ್ಲೇ ಕೋಪ’ ಎನ್ನುತ್ತಿದ್ದಳು ಅಜ್ಜಿ, ಅದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿರುತ್ತಿತ್ತು. ಅಮ್ಮ ನೆಲ ಒರೆಸಿ ಇನ್ನೊಂದು ತಟ್ಟೆ ಇಡುತ್ತಿದ್ದಳು.

ಹೊರಗೆ ಅಪ್ಪ ಹಾಗಿರಲಿಲ್ಲ. ಅಡಿಕೆ ಮಂಡಿಯಲ್ಲಾಗಲಿ, ಸೊಸೈಟಿ ಸಭೆಯಲ್ಲಾಗಲಿ ದನಿ ಎತ್ತಿದವರಲ್ಲ. ಎರಡು ವರ್ಷದ ಮಗು ಬಸ್‌ಸ್ಟ್ಯಾಂಡಿನಲ್ಲೂ ಬಿದ್ದು ಹೊರಳಾಡುತ್ತದೆ, ಮದುವೆ ಮನೆಯಲ್ಲೂ ಹೊರಳಾಡುತ್ತದೆ. ತಡೆದುಕೊಳ್ಳಲು ಅದಕ್ಕಿನ್ನೂ ಬರುವುದಿಲ್ಲ. ಅಪ್ಪನಿಗೆ ಚೆನ್ನಾಗಿಯೇ ಬರುತ್ತಿತ್ತು. ಮನೆಯೊಳಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಅಮ್ಮನಿಗೆ ಕ್ಯಾನ್ಸರ್ ಆಯಿತು. ಕಿಮೊ ಮುಗಿಸಿಕೊಂಡು ಮನೆಗೆ ಬಂದ ವಾರವೇ, ಅನ್ನ ಬಿಸಿಯಿಲ್ಲವೆಂದು ಅಪ್ಪ ತಟ್ಟೆ ದೂಡಿದರು. ಅಮ್ಮ ಗೋಡೆ ಹಿಡಿದುಕೊಂಡು ಎದ್ದಳು, ಬಳಿಯಲು. ನಾನು ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ‘ಅಪ್ಪನೇ ಬಳಿಯಲಿ’ ಎಂದೆ. ಅಣ್ಣಂದಿರು ನನ್ನನ್ನು ಗದರಿದರು: ‘ವಯಸ್ಸಾದವರು ಮಕ್ಕಳ ಹಾಗೆ, ಅಷ್ಟೂ ಗೊತ್ತಾಗಲ್ವಾ ನಿಂಗೆ?’ ಅಪ್ಪನಿಗಾಗ 61. ಆ ಅನ್ನವನ್ನು ಅಮ್ಮನೇ ಬಳಿದಳು. ಅವಳು ಹೋಗಿ ಎಷ್ಟೋ ವರ್ಷವಾದರೂ ಅಣ್ಣಂದಿರ ಜೊತೆ ನನ್ನ ಆ ಜಗಳ ಇವತ್ತಿಗೂ ಮುಗಿದಿಲ್ಲ.

ತಂಗೀ, ಒಂದು ವಿಷಯ ವಿಚಾರಿಸಿ ನೋಡಿ. ನಿಮ್ಮ ಮಾವ ಮೊದಲಿನಿಂದಲೂ ಹೀಗೆಯೇ? ಆಗ ಬಳಿಯುತ್ತಿದ್ದವರು ನಿಮ್ಮ ಅತ್ತೆಯೇ? ಹೌದಾದರೆ ಅವರ ಜಾಗಕ್ಕೆ ನೀವು ಬಂದಿದ್ದೀರಿ, ಅಷ್ಟೆ. ಮಗುವಿನ ಉಪಾಯಗಳು ಅಲ್ಲಿ ನಡೆಯುವುದಿಲ್ಲ. ಚೆಲ್ಲಿದ್ದನ್ನು ನೀವು ಎತ್ತಬೇಡಿ. ಮಗಳು ನೋಡುತ್ತಿದ್ದಾಳೆ.

(ಸಾಗರದ ಪತ್ರದಲ್ಲಿ ಒಂದಕ್ಷರವನ್ನೂ ಕತ್ತರಿಸಿಲ್ಲ. ಮೊದಲು ಹಾಗಿರದವರು ಈಗ ಬದಲಾಗಿದ್ದರೆ ಏನು ಮಾಡಬೇಕೆಂದು ವೈದ್ಯರೊಬ್ಬರು ಬರೆದಿದ್ದಾರೆ. – ಸಂ.)

ವೈದ್ಯರು, ಹಾಸನ

ಅರವತ್ತಕ್ಕೆ ಅರಳು ಮರಳು ಎಂದುಕೊಂಡು ಸುಮ್ಮನಾಗಬೇಡಿ. ಕೆಲವೇ ದಿನಗಳಲ್ಲಿ ಸ್ವಭಾವ ಬದಲಾಗಿದ್ದರೆ ಮೂತ್ರದ ಸೋಂಕಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಹೊಸ ಮಾತ್ರೆ ಒಗ್ಗದಿರಬಹುದು. ನಿಧಾನವಾಗಿ ಬದಲಾಗಿದ್ದರೆ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕಿವಿಯನ್ನೂ ತೋರಿಸಿ. ಹಿರಿಯರಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಿನ ರೂಪದಲ್ಲೇ ಕಾಣಿಸುವುದುಂಟು. ಮರೆವಿಗಿಂತ ಮೊದಲು ನಡವಳಿಕೆ ಕೆಡಿಸುವ ಡಿಮೆನ್ಷಿಯಾ (ಬುದ್ಧಿಶಕ್ತಿ ಕುಂದುವ ಕಾಯಿಲೆ) ಕೂಡ ಇದೆ. ಅದರಲ್ಲಿ ಹಣೆಯ ಹಿಂದಿನ ಮಿದುಳಿನ ಭಾಗ ಕುಗ್ಗುತ್ತದೆ. ಎಳೆಯ ಮಕ್ಕಳಲ್ಲಿ ಇನ್ನೂ ಬಲಿಯದಿರುವ, 25ರ ಆಸುಪಾಸಿನವರೆಗೂ ಬಲಿಯುತ್ತಲೇ ಇರುವ ಭಾಗವೂ ಅದೇ. ಹೋಲಿಕೆ ಅಲ್ಲಿಯವರೆಗೆ ನಿಜ. ಮಗುವಿಗೆ ತಿದ್ದಿ ಕಲಿಸಬಹುದು, ಈ ರೋಗಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಅಥವಾ ನಿಮ್ಹಾನ್ಸ್‌ನಲ್ಲಿ ತೋರಿಸಿ. ಹಿರಿಯರ ಸಹಾಯವಾಣಿ 14567. ನಿಮಗೇ ಸಾಕಾಗಿಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತಾರೆ.

79 ವರ್ಷದ ಓದುಗರು, ಉಡುಪಿ

ಮಾವನವರ ವಯಸ್ಸಿನವನಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಪಾಸ್‌ಬುಕ್ ಮಗನ ಕಪಾಟಿನಲ್ಲಿದೆ. ಮಂಚ ಯಾವ ಗೋಡೆಗೆ ಇರಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಬಿಪಿಯೆಂದು ಸಾರಿಗೆ ಉಪ್ಪಿಲ್ಲ. ‘ಬೇಡ’ ಎಂದರೆ ನಡೆಯುವುದು ಈಗ ಸ್ನಾನದ ವಿಷಯದಲ್ಲಿ ಮಾತ್ರ.

ಓದುಗರು, ಬೆಂಗಳೂರು

ಗಂಡ ಎಲ್ಲಿದ್ದಾರೆ?

ಸರ್ಕಾರಿ ನೌಕರರು, ಮೈಸೂರು

ಸ್ನಾನ ಮಾಡಿಸಲು ಹೋಗುವವರು ಸೊಸೆಯೇ? ನಮ್ಮ ತಂದೆಯವರೂ ದಿನವೂ ಒಂದು ನೆಪ ಹೇಳುತ್ತಿದ್ದರು. ಸೊಸೆಯ ಎದುರು ಪಂಚೆ ಬಿಚ್ಚುವ ಸಂಕೋಚ ಅದೆಂದು ಮೊದಲು ತಿಳಿದದ್ದು ನನ್ನ ಹೆಂಡತಿಗೆ. ಈಗ ಆಫೀಸಿಗೆ ಹೊರಡುವ ಮುಂಚೆ ನಾನೇ ನೀರು ಹಾಕುತ್ತೇನೆ, ಬೆನ್ನು ಉಜ್ಜುತ್ತೇನೆ. ತಕರಾರಿಲ್ಲ. ದಾವಣಗೆರೆಯ ಯಜಮಾನರು ಇದನ್ನು ಓದುತ್ತಿದ್ದರೆ, ನಾಳೆಯಿಂದ ಅಪ್ಪನಿಗೆ ನೀರು ಅವರೇ ಕಾಯಿಸಲಿ.

(ಮುಂದಿನ ಸಂಚಿಕೆಯಲ್ಲೂ ಈ ಚರ್ಚೆಗೆ ಒಂದು ಪುಟ ಇದೆ. ಮನೆಯಲ್ಲಿ ಹಿರಿಯರ ಆರೈಕೆ ಮಾಡುತ್ತಿರುವ ಗಂಡುಮಕ್ಕಳ ಪತ್ರಗಳಿಗೆ ಮೊದಲ ಸ್ಥಾನ. – ಸಂ.)