ಕೊಲೈಟಿಸ್ ಇದ್ದವರಿಗೆ ಮತ್ತ ಮತ್ತ ಕ್ಯಾನ್ಸರ್ ತಪಾಸಣಿ: ಅಂಜಿಕಿ ಹ್ಯಾಂಗ ಕಳೀಬೇಕು?

ಭೀಮಾತೀರ (ಯಾದಗಿರಿ):
ನಮ್ಮ ತಮ್ಮಗ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ್ಯಾಗ ಉರಿಯೂತ, ಹುಣ್ಣಾಗೋ ರೋಗ) ಶುರುವಾಗಿ 9 ವರ್ಷ. ಕ್ಯಾನ್ಸರ್ ತಪಾಸಣಿಗಂತ ಕೊಲೊನೋಸ್ಕೊಪಿ (ಕ್ಯಾಮೆರಾ ಕೊಳವಿ ಹಾಕಿ ದೊಡ್ಡ ಕರುಳು ನೋಡೋದು) ಮಾಡಸ್ಕೋತ ಇರಬೇಕು ಅಂದಾರ. ತಾರೀಖು ಹತ್ರ ಬಂದ್ರ ನಿದ್ದಿಲ್ಲ, ಬಯಾಪ್ಸಿ (ಕರುಳಿನ ಸಣ್ಣ ಚೂರು ತಗದು ಮಾಡೋ ಪರೀಕ್ಷಾ) ರಿಪೋರ್ಟ್ ಬರೋತನಕ ಯಾರ ಜೋಡಿನೂ ಮಾತಾಡಲ್ಲ. ನಡುವ ತಾನೇ ಹೋಗಿ ಸಿಇಎ ಅನ್ನೋ ಕ್ಯಾನ್ಸರ್ ಗುರುತಿನ ರಕ್ತ ಪರೀಕ್ಷಾ ಮಾಡಸ್ತಾನ. ಏನ್ ಮಾಡಬೇಕ್ರಿ?

ತೊಗರಿಕಣಜ (ಕಲಬುರಗಿ):
ಸಿಇಎ ಮೊದಲ ಬಿಡಸ್ರಿ. ಬೀಡಿ ಸೇದಿದ್ರೂ ಏರ್ತದ, ಕರುಳಿನ ಉರಿಯೂತಕ್ಕೂ ಏರ್ತದ. ನಾರ್ಮಲ್ ಬಂತಂದ್ರ ಕ್ಯಾನ್ಸರ್ ಇಲ್ಲಂತ ಖಾತ್ರಿನೂ ಅಲ್ಲ. ಅಂಜಿಕಿ ಬೆಳಸೋ ಪರೀಕ್ಷಾ ಅದು.

ಲಕ್ಷಣ ಶುರುವಾಗಿ ಸುಮಾರು 8 ವರ್ಷಕ್ಕ ಮೊದಲ ತಪಾಸಣಿ. ಆಮ್ಯಾಲ ಅಪಾಯ ನೋಡಿ 1, 3 ಇಲ್ಲಾ 5 ವರ್ಷಕ್ಕೊಮ್ಮೆ. ಪಿಎಸ್‌ಸಿ (ಪಿತ್ತನಾಳ ಉರಿಯೂತದಿಂದ ಕಿರಿದಾಗೋ ರೋಗ) ಇದ್ದವರಿಗೆ ಮಾತ್ರ ಗೊತ್ತಾದಾಗಿಂದಲೇ ವರ್ಷಾ ಬೇಕು. ಗುದನಾಳಕ್ಕಷ್ಟೇ ಉರಿಯೂತ ಇದ್ರ ಸಾಮಾನ್ಯವಾಗಿ ಈ ತಪಾಸಣಿನೇ ಬೇಕಾಗಲ್ಲ. "ನನ್ನದು ಯಾವ ಗುಂಪು, ಯಾಕ?" ಅಂತ ಡಾಕ್ಟರ್‌ಗೆ ಕೇಳಿ ಫೈಲಿನ್ಯಾಗ ಬರಸ್ಕೊಳ್ಳಲಿ.

ರಿಪೋರ್ಟಿನ ಮಾತೂ ಮೊದಲೇ ತಿಳಕೊಂಡಿರಬೇಕು. ಡಿಸ್‌ಪ್ಲೇಸಿಯಾ ಅಂದ್ರ ಕ್ಯಾನ್ಸರಿಗೆ ಮೊದಲು ಜೀವಕೋಶದಾಗ ಆಗೋ ಬದಲಾವಣಿ. "ಇಂಡೆಫಿನಿಟ್ ಫಾರ್ ಡಿಸ್‌ಪ್ಲೇಸಿಯಾ" ಅಂತ ಬಂದ್ರ ಕ್ಯಾನ್ಸರ್ ಅಲ್ಲ. ಉರಿಯೂತ ಇದ್ದಾಗ ಜೀವಕೋಶ ಕೆಟ್ಟಾವೋ ಇಲ್ಲೋ ಅಂತ ಪೆಥಾಲಜಿಯವರಿಗೂ ಖಚಿತ ಹೇಳಾಕ ಬರಲ್ಲ. ಚಿಕಿತ್ಸಾ ಕೊಟ್ಟು ಕೆಲ ತಿಂಗಳ ಬಿಟ್ಟು ಮತ್ತ ನೋಡ್ತಾರ. ಅದಕ್ಕ ರೋಗ ತಣ್ಣಗಿದ್ದಾಗಲೇ ತಪಾಸಣಿ ಮಾಡಸೋದು ಛಲೋ. ರಿಪೋರ್ಟ್ ಯಾವತ್ತು ಬರ್ತದ, ಫೋನ್ ಯಾರು ಮಾಡ್ತಾರ ಅಂತ ಅವತ್ತೇ ಕೇಳ್ರಿ, ತಾರೀಖಿಲ್ಲದ ಕಾಯೋದು ಭಾಳ ಕೆಟ್ಟದ್ದು.

ಬಿದರಿ ಹೂಜಿ (ಬೀದರ್):
ಹೊಟ್ಟಿ ತೊಳಿಯೋ ಔಷಧಿಗೇ ಅಂಜೋರು ಭಾಳ ಮಂದಿ. 3 ದಿನ ಮೊದಲೇ ಜ್ವಾಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕಾಳು ಬಂದ್. ಬಿಳಿ ಅನ್ನ, ಮಸರು, ತತ್ತಿ ನಡೀತದ. ಕಬ್ಬಿಣದ ಗುಳಿಗಿ ಡಾಕ್ಟರ್‌ಗೆ ಕೇಳಿ 5–7 ದಿನ ಮೊದಲು ನಿಲ್ಲಸ್ರಿ, ಮಲ ಕರ್ರಗಾಗಿ ಅಂಟ್ತದ. ಪಿಇಜಿ (ಹೊಟ್ಟಿ ತೊಳಿಯೋ ಔಷಧಿ) ಪುಡಿ ನೀರು ಅರ್ಧ ಹಿಂದಿನ ಸಂಜಿ, ಅರ್ಧ ಪರೀಕ್ಷಾಕ್ಕ 4–6 ತಾಸು ಮೊದಲು. ತಣ್ಣಗ ಮಾಡಿ ಕುಡದ್ರ ವಾಕರಿಕಿ ಕಮ್ಮಿ. ಕರುಳು ಸ್ವಚ್ಛ ಇಲ್ಲಂದ್ರ ಮತ್ತೊಮ್ಮೆ ಬರ್ರಿ ಅಂತಾರ, ಅಂಜಿಕಿನೂ ಎರಡು ಸಲ.

ಹೈದರಾಬಾದ್ ಇಲ್ಲಾ ಸೊಲ್ಲಾಪುರಕ್ಕ ಹೋಗೋರು ಹಿಂದಿನ ರಾತ್ರಿ ಅಲ್ಲೇ ಉಳೀರಿ. ಎರಡನೇ ಡೋಸ್ ಕುಡದು ಬಸ್ ಹತ್ತಾಕ ಆಗಲ್ಲ. ಮಂಪರ ಇಂಜೆಕ್ಷನ್ ಕೊಟ್ಟಮ್ಯಾಲ ಡಾಕ್ಟರ್ ಹೇಳಿದ್ದು ರೋಗಿಗೆ ನೆನಪುಳಿಯಲ್ಲ. ಜೋಡಿ ಹೋದವರು ಬರಕೋಬೇಕು.

ಮನೋಮಿತ್ರ (ಕಲಬುರಗಿ):
ಎರಡು ವಾರ ಮೀರಿ ನಿದ್ದಿ, ಊಟ, ಕೆಲಸ ಕೆಟ್ಟಿದ್ರ ಬರೇ ಧೈರ್ಯ ಹೇಳಿದ್ರ ಸಾಲಲ್ಲ. ಜಿಮ್ಸ್ (ಕಲಬುರಗಿ), ಬ್ರಿಮ್ಸ್ (ಬೀದರ್), ಯಿಮ್ಸ್ (ಯಾದಗಿರಿ) ಸರ್ಕಾರಿ ಆಸ್ಪತ್ರಿಯ ಮನೋರೋಗ ವಿಭಾಗಕ್ಕ ತೋರಸ್ರಿ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416 ಪುಕ್ಕಟೆ, ಕನ್ನಡದಾಗ, ರಾತ್ರಿನೂ ಸಿಗ್ತದ. ಅಂಜಿಕಿಂದಲೂ ಹೊಟ್ಟಿ ಝಾಡಸ್ತದ. ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರಸೋ ಪರೀಕ್ಷಾ) ನಾರ್ಮಲ್ ಇದ್ರ ಪ್ರತಿ ಭೇದಿನೂ ರೋಗ ಕೆರಳಿದ್ದಲ್ಲ. ಸ್ಟಿರಾಯ್ಡ್ ನಡದದೇನು?

ಭೀಮಾತೀರ:
ಹೌದ್ರಿ, ಪ್ರೆಡ್ನಿಸೊಲೋನ್. ರಾತ್ರಿ ಊಟ ಆದಮ್ಯಾಲ ತಗೋತಾನ.

ಮನೋಮಿತ್ರ:
ನಿದ್ದಿ ಕೆಡಸೋದು, ಚಡಪಡಿಕಿ ತರೋದು ಅದರ ಗುಣಾನೇ. ಮುಂಜಾನಿ ನಾಷ್ಟಾ ಆದಮ್ಯಾಲ ತಗೋಬಹುದೇನಂತ ಡಾಕ್ಟರ್‌ಗೆ ಕೇಳ್ರಿ. ತಾನಾಗೇ ಒಮ್ಮೆಲೇ ಬಿಡೋದು ಮಾತ್ರ ಬ್ಯಾಡ.